ಬೇಕು, ಬೇಡ ಮತ್ತು ಮನೆಯ ವೈ-ಫೈ

ಕನ್ನಡದಲ್ಲಿ ‘ಬೇಕು’ ಮತ್ತು ‘ಬೇಡ’ಗಳ ನಡುವೆ ಇರುವುದು ಒಂದೇ ಅಕ್ಷರದ ವ್ಯತ್ಯಾಸ. ಅದೂ ಕೊನೆಯ ಅಕ್ಷರ. ಬರುತ್ತಾನೆ–ಬರುವುದಿಲ್ಲ, ಹೋಗಬಹುದು–ಹೋಗಬಾರದು, ತಗೋಬೇಕು–ತಗೋಬೇಡ: ನಮ್ಮ ನಿಷೇಧವೆಲ್ಲ ಕ್ರಿಯಾಪದದ ಬಾಲದಲ್ಲಿ ಕೂತಿರುತ್ತದೆ. ಎಂ.ಎ. ಮಾಡುವಾಗ ಪರೀಕ್ಷೆಗೆಂದು ಬರೆದುಕೊಂಡಿದ್ದ ಈ ಸಂಗತಿ ಹತ್ತು ವರ್ಷದ ಮೇಲೆ ಮನೆಯ ವೈ-ಫೈ ದೆಸೆಯಿಂದ ಮತ್ತೆ ಎದುರಿಗೆ ಬಂದು ನಿಲ್ಲುತ್ತದೆ ಎಂದು ನಾನು ಎಣಿಸಿರಲಿಲ್ಲ.

ನನ್ನ ಮುಖ್ಯ ಕೆಲಸ ಬರವಣಿಗೆಯ ಅನುವಾದ. ಆಗೊಮ್ಮೆ ಈಗೊಮ್ಮೆ ಪುಣೆಯ ಆಸ್ಪತ್ರೆಗಳಿಗೆ ವಿಡಿಯೊ ಕರೆಯಲ್ಲಿ ದುಭಾಷಿಯಾಗಿ ಕೂರುತ್ತೇನೆ. ಕಳೆದ ವರ್ಷ ಒಂದು ಸಂಜೆ ಆ ಕಡೆ ಜಮಖಂಡಿ ಸೀಮೆಯ ಒಬ್ಬ ಅಜ್ಜಿ, ಅವರ ಮಗ, ಮರಾಠಿ ಮತ್ತು ಇಂಗ್ಲಿಷ್ ಬಲ್ಲ ಡಾಕ್ಟರು. ಈ ಕಡೆ ನಮ್ಮ ಫ್ಲ್ಯಾಟಿನ ಒಳಕೋಣೆಯಲ್ಲಿ ನಾನು. ಅಜ್ಜಿಗೆ ಆಪರೇಷನ್ ದಿನ ಗೊತ್ತಾಗಿತ್ತು. ರಕ್ತ ತೆಳುವಾಗಿಸುವ ಅವರ ಗುಳಿಗೆಯನ್ನು ಅದಕ್ಕೆ ಐದು ದಿನ ಮೊದಲೇ ನಿಲ್ಲಿಸಬೇಕೆಂದು ಡಾಕ್ಟರು ಹೇಳಿದರು. ನಾನು ನನ್ನ ಮೈಸೂರು ಕಡೆಯ ಕನ್ನಡದಲ್ಲಿ, ‘ಅಜ್ಜಿ, ಈ ಗುಳಿಗೆ ಐದು ದಿನ ಮುಂಚಿನಿಂದ ತಗೋಬೇಡಿ’ ಎಂದೆ. ಅಜ್ಜಿ ಒಂದು ಕ್ಷಣ ಸುಮ್ಮನಿದ್ದು ಕೇಳಿದರು: ‘ಐದು ದಿನ ಮೊದಲಿಂದ ತಗೋಬೇಕೇನ್ರಿ? ಈಗ ತಗೊಳ್ಳಾಕತ್ತೀನಲ್ಲವಾ.’

ನನ್ನ ಬಾಯಿಂದ ಹೊರಟ ‘ತಗೋಬೇಡಿ’ ಅವರಿಗೆ ಮುಟ್ಟಿದ್ದು ‘ತಗೋಬೇ…’ ಎಂದು. ಮಿಕ್ಕದ್ದನ್ನು ಅವರು ತಾವೇ ತುಂಬಿಕೊಂಡರು. ಅವರು ತಿರುಗಿ ಕೇಳಿದ್ದರಿಂದ ಸರಿಹೋಯಿತು. ‘ಹೂಂ’ ಎಂದು ತಲೆಯಾಡಿಸಿಬಿಟ್ಟಿದ್ದರೆ?

ಕರೆ ಮುಗಿದ ಮೇಲೆ ಮೊದಲು ಮಾಡಿದ ಕೆಲಸ ಸ್ಪೀಡ್ ಟೆಸ್ಟ್. 300 ಎಂಬಿಪಿಎಸ್ ಪ್ಲ್ಯಾನು, 280 ತೋರಿಸಿತು. ಎರಡು ತಿಂಗಳ ಹಿಂದಷ್ಟೇ ತಂದ ಮೆಶ್ ವೈ-ಫೈಯ ಮೂರು ಡಬ್ಬಿಗಳಿಗೂ ಅದರ ಆ್ಯಪು ಹಸಿರು ಗುರುತು ಹಾಕಿ ‘ಅತ್ಯುತ್ತಮ’ ಎಂದಿತ್ತು. ಮರುದಿನ ಇಂಟರ್ನೆಟ್ ಕಂಪನಿಯ ಹುಡುಗ ಬಂದ. ಹಾಲಿನಲ್ಲಿ ರೌಟರ್ ಪಕ್ಕಕ್ಕೇ ನಿಂತು ಮೊಬೈಲು ನನ್ನ ಮುಖಕ್ಕೆ ಹಿಡಿದು, ‘ದೇಖಿಯೇ ಮ್ಯಾಡಮ್, ಪೂರಾ ಆ ರಹಾ ಹೈ’ ಎಂದು ಹೇಳಿ ಹೋದ. ಅವನು ಹೇಳಿದ್ದು ಸುಳ್ಳಲ್ಲ. ಆದರೆ ಅದು ಮದುವೆಮನೆಯ ಪಂಕ್ತಿಯಲ್ಲಿ ಮೊದಲನೆಯ ಎಲೆ ನೋಡಿ ಊಟ ಚೆನ್ನಾಗಿತ್ತು ಎಂದ ಹಾಗೆ. ಪಾಯಸ ಕೊನೆಯ ಎಲೆಯವರೆಗೆ ಬಂತೇ ಎಂಬುದನ್ನು ಅಲ್ಲಿ ಕೂತವರೇ ಹೇಳಬೇಕು.

ನಾವು ಮನೆಯ ಮೆಶ್ ವೈ-ಫೈಯನ್ನು ತಪ್ಪು ಅಂಕಿಯಿಂದ ಅಳೆಯುತ್ತಿದ್ದೇವೆ, ತಪ್ಪು ಅಂಕಿ ನೋಡಿ ಕೊಳ್ಳುತ್ತಿದ್ದೇವೆ ಎಂಬುದು ನನ್ನ ತಕರಾರು. ಅಳೆಯಬೇಕಾದ್ದು ಮನೆಯ ಅತಿ ಕೆಟ್ಟ ಕೋಣೆಯಲ್ಲಿ, ದಿನದ ಅತಿ ಕೆಟ್ಟ ಹೊತ್ತಿನಲ್ಲಿ ಬರುವ ಅತಿ ಕೆಟ್ಟ ಸೆಕೆಂಡನ್ನು.

ಲೆಕ್ಕ ನೋಡಿ. ಇಂಥ ಕರೆಗಳಲ್ಲಿ ನಮ್ಮ ಮಾತು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ ಹೋಗುತ್ತದೆ. ಸೆಕೆಂಡಿಗೆ 50 ಪ್ಯಾಕೆಟ್, ಗಂಟೆಗೆ 1,80,000. ಒಂದೋ ಎರಡೋ ಕಳೆದುಹೋದರೆ ಸಾಫ್ಟ್‌ವೇರು ಹಿಂದಿನ ಧ್ವನಿಯನ್ನೇ ತುಸು ಎಳೆದು ತೇಪೆ ಹಾಕುತ್ತದೆ. ಕಿವಿಗೆ ಗೊತ್ತೂ ಆಗುವುದಿಲ್ಲ. ಆದರೆ ವೈ-ಫೈಯಲ್ಲಿ ನಷ್ಟ ಹನಿಹನಿಯಾಗಿ ಹಂಚಿಕೊಂಡು ಬರುವುದು ಕಡಿಮೆ, ಗುಂಪಾಗಿ ಬರುವುದೇ ಹೆಚ್ಚು. ಸಾಲಾಗಿ ಹತ್ತು ಪ್ಯಾಕೆಟ್ ಹೋದರೆ 200 ಮಿಲಿಸೆಕೆಂಡು, ಅಂದರೆ ಹೆಚ್ಚುಕಡಿಮೆ ಒಂದು ಅಕ್ಷರ. 1,80,000ದಲ್ಲಿ ಹತ್ತು ಎಂದರೆ ಶೇಕಡಾ 0.0056. ಅದನ್ನು ಸರಾಸರಿ ಮಾಡಿ ತೋರಿಸುವ ಯಾವ ಪರದೆಯ ಮೇಲೂ ಕಾಣುವುದು ಸೊನ್ನೆಯೇ. ಆ ಸೊನ್ನೆಯೊಳಗೆ ನನ್ನ ‘ಡಿ’ ಹೋಗಿತ್ತು.

ಇನ್ನೊಂದು ತೊಡಕಿದೆ. ಗಾಳಿಯಲ್ಲಿ ಪ್ಯಾಕೆಟ್ ಕಳೆದರೆ ವೈ-ಫೈ ಸಾಧನ ಅದನ್ನು ಮತ್ತೆ ಮತ್ತೆ ಕಳಿಸುತ್ತದೆ. ಫೈಲ್ ಡೌನ್‌ಲೋಡಿಗೆ, ಸಿನಿಮಾಕ್ಕೆ ಇದು ವರ. ಅರ್ಧ ಸೆಕೆಂಡು ತಡವಾದರೂ ಬಂದರೆ ಸಾಕು. ಮಾತಿಗೆ ತಡವಾಗಿ ಬಂದದ್ದೂ ಬಾರದೆ ಹೋದದ್ದೂ ಒಂದೇ. ಫೋನ್ ಸಂಭಾಷಣೆ ಸರಾಗವಾಗಿರಬೇಕಾದರೆ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗೆ ಇರಬೇಕೆಂದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು ಹೇಳುತ್ತದೆ. ಸ್ಪೀಡ್ ಟೆಸ್ಟಿನ ದೊಡ್ಡ ಅಂಕಿ ಫೈಲ್ ಹೇಗೆ ಬರುತ್ತದೆ ಎಂದು ಹೇಳುತ್ತದೆ, ಮಾತು ಹೇಗೆ ಹೋಗುತ್ತದೆ ಎಂದಲ್ಲ.

ಮಜಾ ಎಂದರೆ ನಮ್ಮ ಜನರ ಬಾಯಲ್ಲಿ ಈ ಭೇದಗಳೆಲ್ಲ ಮೊದಲೇ ಇವೆ. ‘ಸುತ್ತುತ್ತಾ ಇದೆ’ ಎಂದರೆ ಡೇಟಾ ಸಾಲುತ್ತಿಲ್ಲ. ‘ಕಟ್ ಕಟ್ ಆಗ್ತಿದೆ’ ಎಂದರೆ ಪ್ಯಾಕೆಟ್ ಬಿದ್ದುಹೋಗುತ್ತಿವೆ. ‘ನಾನು ಕೇಳಿ ಎಷ್ಟೋ ಹೊತ್ತಿಗೆ ನಿನ್ನ ಉತ್ತರ ಬರ್ತದೆ’ ಎಂದರೆ ವಿಳಂಬ. ನನ್ನ ಅಮ್ಮ ಫೋನಿನಲ್ಲಿ ಈ ಮೂರನ್ನೂ ಒಂದಕ್ಕೊಂದು ಬೆರೆಸದೆ ಹೇಳುತ್ತಾರೆ. ಕಂಪನಿಯ ದೂರು ದಾಖಲಿಸುವ ಪುಟದಲ್ಲಿ ಇದ್ದದ್ದು ಎರಡೇ ಆಯ್ಕೆ: ‘ಇಂಟರ್ನೆಟ್ ಇಲ್ಲ’, ‘ವೇಗ ಕಡಿಮೆ’. ಮೂರು ಕಾಯಿಲೆಗೆ ಒಂದೇ ಹೆಸರಿಟ್ಟರೆ ಮದ್ದೂ ಒಂದೇ ಕೊಡುತ್ತಾರೆ: ಇನ್ನೂ ದೊಡ್ಡ ಪ್ಲ್ಯಾನು. (ಹೆಸರಿನ ಮಾತು ಬಂದದ್ದಕ್ಕೆ: ವೈ-ಫೈ ಎಂಬುದು ಯಾವ ಪದಗುಚ್ಛದ ಹ್ರಸ್ವವೂ ಅಲ್ಲ. 1999ರಲ್ಲಿ ಬ್ರಾಂಡ್ ಹೆಸರು ಕಟ್ಟುವ ಇಂಟರ್‌ಬ್ರಾಂಡ್ ಎಂಬ ಕಂಪನಿಯಿಂದ ಹಣ ಕೊಟ್ಟು ಮಾಡಿಸಿಕೊಂಡ ಪದ. ‘ವೈರ್‌ಲೆಸ್ ಫಿಡೆಲಿಟಿ’ ಆಮೇಲೆ ಅಂಟಿಸಿದ ವ್ಯುತ್ಪತ್ತಿ.)

ಈಗ ಮೆಶ್ ವಿಷಯ. ಒಂದು ರೌಟರಿನ ಬದಲು ಎರಡು ಮೂರು ಡಬ್ಬಿಗಳನ್ನು ಮನೆಯಲ್ಲಿ ಹರಡಿ, ಎಲ್ಲಕ್ಕೂ ಒಂದೇ ಹೆಸರು ಕೊಟ್ಟು, ಅವು ತಮ್ಮತಮ್ಮಲ್ಲಿ ಮಾತಾಡಿಕೊಂಡು ದತ್ತಾಂಶ ದಾಟಿಸುವ ವ್ಯವಸ್ಥೆ ಇದು. ಮನೆಬಳಕೆಯ ಪೆಟ್ಟಿಗೆಗಳಾಗಿ ಜನಪ್ರಿಯವಾದದ್ದು 2016ರ ಸುಮಾರಿಗೆ. ನಾನು ತಂದದ್ದೂ ಎಲ್ಲರ ಹಾಗೆ ಒಳಕೋಣೆಯಲ್ಲಿ ಸಿಗ್ನಲ್ ಇಲ್ಲವೆಂದು. ತಂದು ಒಂದು ಡಬ್ಬಿಯನ್ನು ಆ ಕೋಣೆಯ ಮೇಜಿನ ಮೇಲೇ ಇಟ್ಟೆ. ಕತ್ತಲಿದ್ದಲ್ಲಿ ದೀಪ ಇಡುವ ಬುದ್ಧಿ. ಫೋನಿನಲ್ಲಿ ನಾಲ್ಕು ಕಡ್ಡಿ ತುಂಬಿ ಬಂದವು.

ಆ ಕಡ್ಡಿಗಳು ಹೇಳುವುದು ನನ್ನ ಫೋನಿಗೂ ಪಕ್ಕದ ಡಬ್ಬಿಗೂ ಇರುವ ನಂಟನ್ನು ಮಾತ್ರ. ಆ ಡಬ್ಬಿಗೂ ಹಾಲಿನ ಮುಖ್ಯ ಡಬ್ಬಿಗೂ ನಡುವಿನ ಕೊಂಡಿ ಎರಡು ಕಾಂಕ್ರೀಟ್ ಗೋಡೆ ಮತ್ತು ಒಂದು ಸ್ಟೀಲ್ ಬೀರುವಿನ ಆಚೆ ಏದುಸಿರು ಬಿಡುತ್ತಿತ್ತು. ಮೆಶ್ ಡಬ್ಬಿ ದೀಪವಲ್ಲ. ಬಾವಿಯಿಂದ ಕೈಗೆ ಕೈ ಕೊಡ ದಾಟಿಸುವ ಸಾಲಿನಲ್ಲಿ ನಡುವೆ ನಿಂತ ಆಳು ಅದು. ಕೊಡ ಕೈಗೆ ಎಟುಕದಷ್ಟು ದೂರ ನಿಂತರೆ ಅವನೆಷ್ಟು ಗಟ್ಟಿಗನಾದರೇನು? ಅದರ ಜಾಗ ಸಿಗ್ನಲ್ ಸತ್ತ ಕೋಣೆಯಲ್ಲ, ಸಿಗ್ನಲ್ ಇನ್ನೂ ಚೆನ್ನಾಗಿರುವ ಅರ್ಧ ದಾರಿ.

ಅಮೆರಿಕದ ಎಂಐಟಿಯವರು ಕೇಂಬ್ರಿಜ್ ಊರಿನ ಮನೆಗಳ ತಾರಸಿಯ ಮೇಲೆ ರೂಫ್‌ನೆಟ್ ಎಂಬ ಮೆಶ್ ಜಾಲ ಕಟ್ಟಿದ್ದರು. ಆ ತಂಡದವರು 2003ರಲ್ಲಿ ಪ್ರಕಟಿಸಿದ ಒಂದು ಪ್ರಬಂಧ ಈ ವಿಷಯವನ್ನೇ ಹಿಡಿದಿತ್ತು. ಕಡಿಮೆ ನೆಗೆತಗಳ ದಾರಿಯೇ ಒಳ್ಳೆಯ ದಾರಿ ಎಂದು ಎಣಿಸಿದರೆ ಜಾಲವು ಉದ್ದವಾದ, ಬಡಕಲು ಕೊಂಡಿಗಳನ್ನೇ ಆರಿಸಿಕೊಳ್ಳುತ್ತದೆ. ಅದರ ಬದಲು ಒಂದು ಪ್ಯಾಕೆಟ್ ಮುಟ್ಟಬೇಕಾದರೆ, ಮರುಕಳಿಕೆಗಳೂ ಸೇರಿ, ಒಟ್ಟು ಎಷ್ಟು ಸಲ ಕಳಿಸಬೇಕಾದೀತು ಎಂದು ಎಣಿಸಿ ಎಂದರು ಅವರು. ಇಟಿಎಕ್ಸ್ ಎಂದು ಕರೆದ ಆ ಅಳತೆಯಲ್ಲಿ ವೇಗದ ಮಾತೇ ಇಲ್ಲ, ಎಷ್ಟು ಸಲ ಸೋತು ಗೆದ್ದಿರಿ ಎಂಬುದೇ ಲೆಕ್ಕ. ಇಪ್ಪತ್ತು ವರ್ಷ ದಾಟಿತು. ಡಬ್ಬಿಯ ಮೇಲೆ ಅಚ್ಚಾಗುವುದು ಇನ್ನೂ ವೇಗವೇ.

ಆ ಅಚ್ಚಿನದೂ ಒಂದು ಕಥೆ. ‘ಎಎಕ್ಸ್ 3000’ ಎಂದು ಬರೆದಿರುತ್ತದೆ. 2.4 ಗಿಗಾಹರ್ಟ್ಸ್ ರೇಡಿಯೊದ 574, 5 ಗಿಗಾಹರ್ಟ್ಸ್ ರೇಡಿಯೊದ 2402, ಎರಡನ್ನೂ ಕೂಡಿಸಿ ಮೇಲಕ್ಕೆ ಸರಿಹೊಂದಿಸಿದ ಮೊತ್ತ ಅದು. ಸಾಮಾನ್ಯ ಫೋನೊಂದು ಹೀಗೆ ಎರಡನ್ನೂ ಕೂಡಿಸಿ ಬಳಸುವುದಿಲ್ಲ. ಅವು ಕಾಗದದ ಮೇಲಿನ ಗರಿಷ್ಠಗಳು ಬೇರೆ. ಜೊತೆಗೆ ಎರಡೇ ರೇಡಿಯೊ ಇರುವ ಡಬ್ಬಿ ನಿಮ್ಮ ಫೋನಿನಿಂದ ಕೇಳಿದ್ದನ್ನು ಅದೇ ರೇಡಿಯೊದಲ್ಲಿ ಮುಖ್ಯ ಡಬ್ಬಿಗೆ ಒಪ್ಪಿಸಬೇಕು. ಒಂದೇ ಮಾತು ಗಾಳಿಯಲ್ಲಿ ಎರಡು ಸಲ. ಅಲ್ಲಿಗೆ ಸಾಮರ್ಥ್ಯ ಅರ್ಧ. ಅದರಾಚೆ ಇನ್ನೊಂದು ಡಬ್ಬಿ ಪೋಣಿಸಿದರೆ ಮೂರನೇ ಒಂದು. ಡಬ್ಬಿ ಹೆಚ್ಚಿದಷ್ಟೂ ವೈ-ಫೈ ಹೆಚ್ಚುತ್ತದೆ ಎಂಬುದು ಅಂಗಡಿಯವನ ಗಣಿತ.

ಕೊಳ್ಳುವ ಮುಂಚೆ ನಾವು ಓದುವ, ನೋಡುವ ವಿಮರ್ಶೆಗಳ ಬಹುಪಾಲು ಅಮೆರಿಕದ ಮನೆಗಳಲ್ಲಿ ಅಳೆದವು. ಅಲ್ಲಿ ಒಳಗೋಡೆ ಎಂದರೆ ಮರದ ಚೌಕಟ್ಟಿಗೆ ಬಡಿದ ಜಿಪ್ಸಮ್ ಹಲಗೆ. ಸಿಗ್ನಲ್ ಅದನ್ನು ಪರದೆ ಸರಿಸಿದ ಹಾಗೆ ದಾಟುತ್ತದೆ. ನಮ್ಮದು ಇಟ್ಟಿಗೆ. ಮುಂಬೈ, ಪುಣೆಗಳ ಹೊಸ ಗೋಪುರಗಳಲ್ಲಿ ಇಟ್ಟಿಗೆಯೂ ಇಲ್ಲ: ಮೈವಾನ್ ಪದ್ಧತಿಯಲ್ಲಿ ಅಲ್ಯೂಮಿನಿಯಂ ಅಚ್ಚು ನಿಲ್ಲಿಸಿ, ಕಂಬಿ ಹೆಣೆದು, ಗೋಡೆಗಳನ್ನೂ ಕಾಂಕ್ರೀಟಿನಲ್ಲೇ ಎರಕ ಹೊಯ್ಯುತ್ತಾರೆ. ಅಂಥ ಎರಡು ಗೋಡೆಯ ಆಚೆ 5 ಗಿಗಾಹರ್ಟ್ಸ್ ಹೆಸರಿಗಷ್ಟೇ ಉಳಿಯುತ್ತದೆ. ಇನ್ನೊಂದು ವ್ಯತ್ಯಾಸ ಕಾನೂನಿನದು. ಅಮೆರಿಕ 6 ಗಿಗಾಹರ್ಟ್ಸ್ ಪಟ್ಟಿಯನ್ನು 2020ರಲ್ಲೇ ವೈ-ಫೈಗೆ ತೆರೆಯಿತು. ದುಬಾರಿ ಮೆಶ್‌ಗಳು ಡಬ್ಬಿ-ಡಬ್ಬಿಗಳ ನಡುವಿನ ಮಾತಿಗೆ ಆ ಪಟ್ಟಿಯನ್ನೇ ನೆಚ್ಚಿದವು. ಭಾರತದಲ್ಲಿ ಅದರ ಕೆಳಭಾಗವನ್ನು, 5925ರಿಂದ 6425 ಮೆಗಾಹರ್ಟ್ಸ್‌ವರೆಗೆ, ಪರವಾನಗಿ ಇಲ್ಲದೆ ಬಳಸಲು ಬಿಡುವ ಕರಡು ನಿಯಮ ಹೊರಬಂದದ್ದೇ 2025ರ ಮೇ ತಿಂಗಳಲ್ಲಿ. ಅಲ್ಲಿಯವರೆಗಿನ ಅಲ್ಲಿಯ ವಿಮರ್ಶೆ ಓದಿ ಇಲ್ಲಿ ಕೊಂಡವರು ಓದಿದ್ದು ಒಂದು, ತಂದದ್ದು ಇನ್ನೊಂದು.

ಹಾಗಾದರೆ ಅಳೆಯುವುದು ಹೇಗೆ? ದುಡ್ಡು ಬೇಡ, ಎರಡು ಸಂಜೆ ಬೇಕು. ಮೊದಲು ದಾರಿಯನ್ನು ಎರಡು ತುಂಡು ಮಾಡಿಕೊಳ್ಳಿ: ಮನೆಯೊಳಗಿನದು, ಮನೆಯಾಚಿನದು. ಇದನ್ನು ಬೇರ್ಪಡಿಸದೆ ಕಂಪನಿಯೊಡನೆ ಜಗಳಕ್ಕೆ ಹೋದರೆ ಅವರು ನಿಮ್ಮ ಗೋಡೆಯನ್ನು ತೋರಿಸುತ್ತಾರೆ, ನೀವು ಅವರ ತಂತಿಯನ್ನು ತೋರಿಸುತ್ತೀರಿ. ಲ್ಯಾಪ್‌ಟಾಪನ್ನು ನೀವು ನಿಜವಾಗಿ ಕೆಲಸ ಮಾಡುವ ಜಾಗದಲ್ಲಿಟ್ಟು ಮನೆಯದೇ ಮುಖ್ಯ ರೌಟರಿಗೆ (ಅದರ ವಿಳಾಸ ಬಹುತೇಕ 192.168.0.1 ಅಥವಾ 192.168.1.1) ಪಿಂಗ್ ಕಳಿಸುತ್ತಾ ಕೂರಿ. ಪಿಂಗ್ ಎಂದರೆ ‘ಇದ್ದೀಯಾ?’ ಎಂದು ಕೇಳಿ ‘ಇದ್ದೇನೆ’ ಬರುವವರೆಗಿನ ಹೊತ್ತನ್ನು ಎಣಿಸುವುದು, ಅಷ್ಟೇ. ಎಲ್ಲ ಲ್ಯಾಪ್‌ಟಾಪಿನಲ್ಲೂ ಆ ಸೌಲಭ್ಯ ಇದೆ. ಮನೆಯವರೆಲ್ಲ ಮನೆಯಲ್ಲಿರುವ, ಪಕ್ಕದ ಫ್ಲ್ಯಾಟುಗಳ ಟಿ.ವಿ.ಗಳೂ ಓಡುತ್ತಿರುವ ಸಂಜೆ ಹೊತ್ತಿನಲ್ಲಿ ಕನಿಷ್ಠ ಒಂದು ಗಂಟೆ ಬಿಡಿ. ಇನ್ನೊಂದು ಸಂಜೆ ಲ್ಯಾಪ್‌ಟಾಪನ್ನು ಕೇಬಲ್ಲಿನಿಂದ ನೇರ ರೌಟರಿಗೆ ಸಿಕ್ಕಿಸಿ, 8.8.8.8ರಂಥ ಹೊರಗಿನ ವಿಳಾಸಕ್ಕೆ ಅದನ್ನೇ ಮಾಡಿ. ಮುಗಿದ ಮೇಲೆ ಕೆಳಗೆ ಬರುವ ಸರಾಸರಿಯನ್ನು ಓದಬೇಡಿ. 200 ಮಿಲಿಸೆಕೆಂಡು ದಾಟಿದವು ಎಷ್ಟು, ಉತ್ತರವೇ ಬಾರದವು ಎಷ್ಟು, ಅವು ಚದುರಿವೆಯೋ ಒಟ್ಟಿಗಿವೆಯೋ ನೋಡಿ.

ನನ್ನ ಒಳಕೋಣೆಯಲ್ಲಿ ಸಂಜೆ ಏಳೂವರೆಯಿಂದ ಒಂಬತ್ತೂವರೆ, ಸೆಕೆಂಡಿಗೆ ಐದರಂತೆ 36,000 ಪಿಂಗ್. ಸರಾಸರಿ 7 ಮಿಲಿಸೆಕೆಂಡು. ಯಾರಿಗೆ ತೋರಿಸಿದರೂ ಬೆನ್ನು ತಟ್ಟುವಂಥದ್ದು. ಆದರೆ 200 ದಾಟಿದ ಸಂದರ್ಭ ಮೂವತ್ತೊಂದು. ಎಂಟು ಗಂಟೆಯ ಆಸುಪಾಸಿನಲ್ಲಿ ಒಮ್ಮೆ ಮೂರು ಸೆಕೆಂಡು ಏನೂ ಇಲ್ಲ. ಡಬ್ಬಿಯನ್ನು ಮೇಜಿನಿಂದ ಎತ್ತಿ ಪ್ಯಾಸೇಜಿನ ಗೂಡಿಗೆ, ಅಂದರೆ ಅರ್ಧ ದಾರಿಗೆ, ತಂದೆ. ಫೋನಿನಲ್ಲಿ ಒಂದು ಕಡ್ಡಿ ಕಡಿಮೆಯಾಯಿತು, ಆ್ಯಪು ನನ್ನನ್ನು ‘ಅತ್ಯುತ್ತಮ’ದಿಂದ ‘ಉತ್ತಮ’ಕ್ಕೆ ಇಳಿಸಿತು, 200 ದಾಟಿದವು ಒಂಬತ್ತಕ್ಕೆ ಇಳಿದವು.

ಹೊರಗಿನ ತುಂಡಿನಲ್ಲಿ ಬೇರೆಯೇ ಕಳ್ಳ ಸಿಕ್ಕಿದ. ರಾತ್ರಿ ಒಂಬತ್ತಕ್ಕೆ ಮನೆಯವರ ಫೋನು ದಿನದ ಫೋಟೊಗಳನ್ನೆಲ್ಲ ಕ್ಲೌಡಿಗೆ ಏರಿಸಲು ತೊಡಗುತ್ತದೆ. ಆಗ 12ರಲ್ಲಿದ್ದ ಪಿಂಗ್ 400ಕ್ಕೆ ಹಾರುತ್ತಿತ್ತು. ಅಪ್‌ಲೋಡ್ ದಾರಿ ತುಂಬಿದಾಗ ರೌಟರು ಪ್ಯಾಕೆಟ್ಟುಗಳನ್ನು ಬಿಸಾಡದೆ ಉದ್ದನೆಯ ಸರದಿಯಲ್ಲಿ ನಿಲ್ಲಿಸುತ್ತದೆ. ನನ್ನ ಮಾತೂ ಆ ಫೋಟೊಗಳ ಹಿಂದೆ ಸರದಿಯಲ್ಲಿ ನಿಲ್ಲುತ್ತದೆ. ಜಿಮ್ ಗೆಟಿಸ್ ಎಂಬ ಎಂಜಿನಿಯರು ತಮ್ಮ ಮನೆಯ ಸಂಪರ್ಕದಲ್ಲೇ ಇದನ್ನು ಬೆನ್ನತ್ತಿ 2010ರ ಸುಮಾರಿಗೆ ‘ಬಫರ್‌ಬ್ಲೋಟ್’ ಎಂದು ಹೆಸರಿಟ್ಟರು. ಮದ್ದೂ ಇದೆ: ಸರದಿಯನ್ನು ನ್ಯಾಯವಾಗಿ ಹಂಚುವ ಎಫ್‌ಕ್ಯೂ-ಕೋಡೆಲ್ ವಿಧಾನ 2018ರಲ್ಲಿ ಅಧಿಕೃತ ದಾಖಲೆಯಾಗಿಯೂ ಪ್ರಕಟವಾಗಿದೆ. ನಾನು ತಂದ ಡಬ್ಬಿಯಲ್ಲಿ ಅದಿಲ್ಲ. ಅದರ ಪೆಟ್ಟಿಗೆಯ ಮೇಲೆ ಅದಿಲ್ಲವೆಂದು ಬರೆದಿರಲೂ ಇಲ್ಲ. ಫೋಟೊಗಳನ್ನು ರಾತ್ರಿ ಹನ್ನೊಂದರ ಮೇಲೆ ಏರಿಸುವುದೆಂದು ಮನೆಯೊಳಗೇ ಒಪ್ಪಂದವಾಯಿತು.

ಓಡಾಡುತ್ತಾ ಮಾತಾಡುವವರು ಇನ್ನೊಂದನ್ನು ನೋಡಿಕೊಳ್ಳಬೇಕು. ಒಂದು ಡಬ್ಬಿ ಬಿಟ್ಟು ಇನ್ನೊಂದನ್ನು ಯಾವಾಗ ಹಿಡಿಯಬೇಕೆಂದು ತೀರ್ಮಾನಿಸುವುದು ಮೆಶ್ ಅಲ್ಲ, ನಿಮ್ಮ ಫೋನು. 802.11ಕೆ, ವಿ, ಆರ್ ಎಂಬ ಮಾನದಂಡಗಳು ಸಲಹೆ ಕೊಡಬಲ್ಲವು, ದಾಟುವಿಕೆಯನ್ನು ಚುರುಕು ಮಾಡಬಲ್ಲವು. ಕೇಳುವುದು ಬಿಡುವುದು ಫೋನಿನ ಚಿತ್ತ. ಕೆಲವು ಫೋನುಗಳು ಹಳೆಯ ಡಬ್ಬಿಯನ್ನು ಉಡದ ಹಾಗೆ ಕಚ್ಚಿಕೊಂಡಿರುತ್ತವೆ. ಕರೆ ಮಾಡಿ ಒಂದರಿಂದ ನೂರು ಎಣಿಸುತ್ತಾ ಹಾಲಿನಿಂದ ಬಾಲ್ಕನಿಗೆ ನಡೆಯಿರಿ. ಯಾವ ಅಂಕಿ ನುಂಗಿಹೋಯಿತೆಂದು ಆಚೆಯವರು ಹೇಳಲಿ.

ಕೊನೆಗೆ ನಾನು ಮಾಡಿದ್ದು ಹಳೆಯ ಕಾಲದ ಕೆಲಸ. 15 ಮೀಟರ್ ಚಪ್ಪಟೆ ಕ್ಯಾಟ್ 6 ಕೇಬಲ್ 600 ರೂಪಾಯಿಗೆ ತಂದು, ಹಾಲಿನ ಮುಖ್ಯ ಡಬ್ಬಿಯಿಂದ ಗೋಡೆಯಂಚಿನ ಸ್ಕರ್ಟಿಂಗ್ ಗುಂಟ ಒಳಕೋಣೆಯ ಡಬ್ಬಿಯವರೆಗೆ ಅಂಟಿಸಿದೆ. ಮನೆ ಬಾಡಿಗೆಯದು, ಮಾಲೀಕರು ಒಂದು ಮೊಳೆ ಹೊಡೆಯಲೂ ಬಿಡುವುದಿಲ್ಲ, ಅದಕ್ಕೇ ಟೇಪು. ಈಗ ಡಬ್ಬಿಗಳ ನಡುವಿನ ಮಾತು ತಂತಿಯಲ್ಲಿ ಹೋಗುತ್ತದೆ. ಗಾಳಿಯಲ್ಲಿ ದಾಟಬೇಕಾದ್ದು ಮೇಜಿನಿಂದ ನಾಲ್ಕು ಅಡಿ. ಅದೇ ಎರಡು ಗಂಟೆಯ ಪರೀಕ್ಷೆಯಲ್ಲಿ ಅತಿ ಕೆಟ್ಟ ಪಿಂಗ್ 38. ಮೂರು ಡಬ್ಬಿಗೆ ಸುರಿದ ಸಾವಿರಾರು ರೂಪಾಯಿ ಮಾಡದ ಕೆಲಸವನ್ನು ಕೇಬಲ್ ಮಾಡಿತು. ಮೂರನೆಯ ಡಬ್ಬಿ ಈಗ ಅಟ್ಟದಲ್ಲಿದೆ.

ಇದೆಲ್ಲ ಹುಚ್ಚು, ಸಿನಿಮಾ ನಿಲ್ಲದೆ ಓಡಿದರೆ ನಮಗೆ ಸಾಕು ಎನ್ನುವವರಿದ್ದಾರೆ. ನಿಜ, ಅವರಿಗೆ ಸಾಕು. 4ಕೆ ಸಿನಿಮಾಕ್ಕೆ ನೆಟ್‌ಫ್ಲಿಕ್ಸ್ ಕೇಳುವುದು 15 ಎಂಬಿಪಿಎಸ್ ಮಾತ್ರ, ಅದು ಮುಂಚಿತವಾಗಿಯೇ ತುಂಬಿಟ್ಟುಕೊಂಡು ಓಡುತ್ತದೆ. ಅಂಥವರಿಗೆ 300ರ ಪ್ಲ್ಯಾನೂ ಬೇಡ, ಬಹುಶಃ ಮೆಶ್ಶೂ ಬೇಡ. ಎರಡು ಕೋಣೆಯ ಫ್ಲ್ಯಾಟಿನವರು ಮುಂಬಾಗಿಲ ಬಳಿ ಚಪ್ಪಲಿ ಸ್ಟ್ಯಾಂಡಿನೊಳಗೆ ಕೂಡಿಹಾಕಿರುವ ರೌಟರನ್ನು ಹೊರಗೆ ತಂದು ಮನೆಯ ನಡುವೆ ಎತ್ತರದಲ್ಲಿಟ್ಟು ನೋಡಿ, ಆಮೇಲೆ ಕೊಳ್ಳುವ ಯೋಚನೆ ಮಾಡಲಿ. ಕೇಬಲ್ ಎಳೆಯಲು ಆಗದ ಮನೆಗಳೂ ಇವೆ. ಅಲ್ಲಿ ಮೆಶ್ ಬೇಕಾಗುತ್ತದೆ, ಸರಿಯಾದ ಕಡೆ ಇಟ್ಟರೆ ಕೆಲಸವನ್ನೂ ಮಾಡುತ್ತದೆ. ಮನೆಯಿಂದ ಪಾಠ ಹೇಳುವವರು, ಸಂದರ್ಶನ ಕೊಡುವವರು, ಊರಲ್ಲಿರುವ ಅಪ್ಪ ಅಮ್ಮನ ಔಷಧಿಯ ವಿಚಾರವನ್ನು ದಿನವೂ ವಿಡಿಯೊದಲ್ಲಿ ಕೇಳುವವರು ನಮ್ಮ ಓದುಗರಲ್ಲಿ ಎಷ್ಟೋ ಮಂದಿ. ಅವರಿಗೆ ನಾನು ಹೇಳುವುದು: ಡಬ್ಬಿ ಹಿಂದಿರುಗಿಸುವ ಗಡುವು ಮುಗಿಯುವ ಮುಂಚೆ ಆ ಎರಡು ಸಂಜೆ ಕೂತುಬಿಡಿ. ವಿಮರ್ಶೆ ಬರೆದು ಹೊಟ್ಟೆ ಹೊರೆಯುವವರಿಗೂ ಒಂದು ಮಾತು. ಮೂರು ದೂರಗಳಲ್ಲಿ ಒಂದೊಂದು ಸಲ ಅಳೆದ ವೇಗದ ಕೋಷ್ಟಕದ ಪಕ್ಕದಲ್ಲಿ, ಒಂದು ಸಂಜೆಯ ಅತಿ ಕೆಟ್ಟ ಹತ್ತು ಪಿಂಗ್‌ಗಳನ್ನು ಅಚ್ಚು ಮಾಡಲು ಎಷ್ಟು ಜಾಗ ಬೇಕು?

ಅಜ್ಜಿಯ ಆಪರೇಷನ್ ಆಯಿತು, ಚೆನ್ನಾಗಿದ್ದಾರೆಂದು ಮಗ ತಿಳಿಸಿದರು. ಆಮೇಲೆ ನನಗೊಂದು ಹೊಳೆಯಿತು. ನಾನು ಅವರದೇ ಕನ್ನಡದಲ್ಲಿ ಹೇಳಿದ್ದರೆ ಅರ್ಧ ಅಪಾಯ ಅಲ್ಲೇ ತಪ್ಪುತ್ತಿತ್ತು. ಅವರ ಸೀಮೆಯಲ್ಲಿ ‘ಬೇಕು’ ‘ಬೇಕು’ ಆಗಿಯೇ ಉಳಿದಿದೆ; ‘ಬೇಡ’ ಮಾತ್ರ ‘ಬ್ಯಾಡ’. ಮುಂದೆ ಬರುವ ಅಕಾರದ ಎಳೆತಕ್ಕೆ ಹಿಂದಿನ ಸ್ವರ ಬಾಯಿ ತೆರೆದಿರುವುದರಿಂದ, ಕೊನೆಯ ಅಕ್ಷರ ಕಳೆದುಹೋದರೂ ‘ತಗೋಬ್ಯಾ…’ ಎಂಬುದನ್ನು ಯಾರೂ ‘ತಗೋಬೇಕು’ ಎಂದು ತುಂಬಿಕೊಳ್ಳುವುದಿಲ್ಲ. ಕೇಬಲ್ ಬಂದು ಈಗ ಎಂಟು ತಿಂಗಳು. ಆದರೂ ಔಷಧಿಯ ಮಾತು ಬಂದಾಗ ನಾನು ‘ತಗೋಬೇಡಿ’ ಎನ್ನುವುದನ್ನು ಬಿಟ್ಟಿದ್ದೇನೆ. ‘ಬಂದ್ ಮಾಡ್ರಿ’ ಎನ್ನುತ್ತೇನೆ, ಎರಡು ಸಲ.